ನಡುಮನೆಯ ಕಪ್ಪು ಪಟ್ಟಿ

ಇಷ್ಟು ದಿನ ಏನನ್ನೂ ಬರೆಯಲಿಲ್ಲವೇಕೆಂದು ಹಳೆಯ ವಿದ್ಯಾರ್ಥಿಗಳಿಬ್ಬರು ವಿಚಾರಿಸಿದ್ದಾರೆ. ಕಾರಣ, ಮನೆಯಲ್ಲಿ ನಡೆದ ಗಾರೆ ಕೆಲಸ. ಇಟ್ಟಿಗೆಯ ಧೂಳಿನ ನಡುವೆ ಕುಳಿತು ಬರೆಯುವ ಏಕಾಗ್ರತೆ ನನಗಿಲ್ಲ.

ನಮ್ಮ ನಡುಮನೆಯನ್ನು ಎರಡಾಗಿ ಸೀಳಿದ್ದ ಗೋಡೆಯನ್ನು ನೆಂಟರೆಲ್ಲರೂ ಬಲ್ಲರು. 1984ರಲ್ಲಿ ತಂದೆಯವರಿಗೂ ಚಿಕ್ಕಪ್ಪನವರಿಗೂ ಪಾಲಾದಾಗ ಎಬ್ಬಿಸಿದ ಗೋಡೆ ಅದು. ನಾನು ಆಗ ತಾನೇ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದೆ. ಜಗಳದ ಕಾರಣವನ್ನು ಇಲ್ಲಿ ಬರೆಯುವುದಿಲ್ಲ. ಬಲ್ಲವರು ಬಲ್ಲರು, ಅರಿಯದವರಿಗೆ ಅದರಿಂದ ಲಾಭವಿಲ್ಲ. ಅಣ್ಣತಮ್ಮಂದಿರಿಬ್ಬರೂ ತೀರಿಕೊಂಡ ಮೇಲೂ ಗೋಡೆ ನಿಂತೇ ಇತ್ತು. ನಮಗೂ ಚಿಕ್ಕಮ್ಮನವರಿಗೂ ಮಾತುಕತೆ ಚೆನ್ನಾಗಿಯೇ ಇತ್ತು. ಆದರೆ ಹೋಗಿಬರಬೇಕಾದರೆ ಬೀದಿಗಿಳಿದು ಇನ್ನೊಂದು ಬಾಗಿಲು ತಟ್ಟಬೇಕಾಗಿತ್ತು.

2024ರ ಕಾರ್ತಿಕ ಮಾಸದ ಒಂದು ರಾತ್ರಿ, ಎಂಬತ್ತೆರಡು ವರ್ಷದ ಚಿಕ್ಕಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರು. ಕೂಗಿದರಂತೆ. ನಮಗೆ ಕೇಳಿಸಲಿಲ್ಲ. ಬೆಳಿಗ್ಗೆ ಹಾಲಿನವನು ಬಂದು ಹೇಳಿದಾಗ ನಾನು ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದೆ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಆದರೂ ಆ ಲೋಟದ ಕಾಫಿ ನನಗೆ ಇಂದಿಗೂ ನೆನಪಾಗುತ್ತದೆ. ಗೋಡೆಯನ್ನು ತೆಗೆಸೋಣವೇ ಎಂದು ಕೇಳಲು ನನಗೆ ಮತ್ತೂ ಒಂದು ತಿಂಗಳು ಹಿಡಿಯಿತು. "ನೀನು ಕೇಳ್ತೀಯಾ ಅಂತಾನೇ ಕಾಯ್ತಿದ್ದೆ ಕಣೋ" ಎಂದರು ಚಿಕ್ಕಮ್ಮ.

ಗೋಡೆ ಕೆಡವುವುದು ಸುಲಭವಾಗಿತ್ತು. ಮಾಳಿಗೆಯ ಭಾರವನ್ನು ತೊಲೆ ಕಂಬಗಳು ಹೊತ್ತಿದ್ದವು. ಗೋಡೆ ಬರಿಯ ಅರ್ಧ ಇಟ್ಟಿಗೆಯದು. ಆದರೂ ಮೇಸ್ತ್ರಿ ಮೇಲಿನ ಎರಡು ಸಾಲು ಇಟ್ಟಿಗೆಗಳನ್ನು ಮಾತ್ರ ಬಿಡಿಸಿ, ಒಂದು ದಿನ ಕಾದು, ತೊಲೆ ಅಲುಗಲಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದುವರಿದರು.

ಕಷ್ಟವಿದ್ದದ್ದು ನೆಲದಲ್ಲಿ. ಗೋಡೆ ಎದ್ದ ಜಾಗದಲ್ಲಿ ಆರಂಗುಲ ಅಗಲದ ಗಾಯ. ಅಂದು ಗಾರೆ ಹಿಡಿಯಲೆಂದು ಹಳೆಯ ಕೆಂಪು ನೆಲವನ್ನು ಚಾಣದಿಂದ ಕಚ್ಚು ಹೊಡೆದಿದ್ದರು. ಅದಕ್ಕಿಂತ ದೊಡ್ಡ ತೊಡಕೆಂದರೆ ಮಟ್ಟದ್ದು. ಪಾಲಾದ ಮರುವರ್ಷ ಚಿಕ್ಕಪ್ಪ ಹಠ ಹಿಡಿದು ತಮ್ಮ ಪಾಲಿಗೆ ಹೊಸ ರೆಡ್ ಆಕ್ಸೈಡ್ ನೆಲ ಹಾಕಿಸಿದ್ದರು. ರಸಮಟ್ಟವಿಟ್ಟು ನೋಡಿದರೆ ಅವರ ನೆಲ ನಮ್ಮದಕ್ಕಿಂತ ಒಂದೂಕಾಲು ಅಂಗುಲ ಎತ್ತರದಲ್ಲಿತ್ತು! ಕಾಲೆಳೆದು ನಡೆಯುವ ಮುದುಕಿಗೆ ಇಂಥ ಸಣ್ಣ ಏರೇ ದೊಡ್ಡ ಮೆಟ್ಟಿಲಿಗಿಂತ ಅಪಾಯ. ಅದು ಕಣ್ಣಿಗೆ ಬೀಳುವುದಿಲ್ಲ.

"ಎರಡೂ ಕಡೆ ಟೈಲ್ಸ್ ಹಾಕಿಬಿಡೋಣ ಮೇಷ್ಟ್ರೇ, ಒಂದೇ ಮಟ್ಟ ಆಗುತ್ತೆ" ಎಂದರು ಮೇಸ್ತ್ರಿ. ನನ್ನಾಕೆಗೂ ಅದೇ ಇಷ್ಟ. ಚಿಕ್ಕಮ್ಮ ಒಪ್ಪಲಿಲ್ಲ. ಆ ನೆಲಕ್ಕೆ ಚಿಕ್ಕಪ್ಪ ದಿನವೂ ತೆಂಗಿನೆಣ್ಣೆಯ ಬಟ್ಟೆಯಿಂದ ಉಜ್ಜಿ ಹೊಳಪು ತಂದಿದ್ದರಂತೆ. ಗೋಡೆಯ ಈಚೆ ನಮಗೆ ಅದು ತಿಳಿದೇ ಇರಲಿಲ್ಲ.

ಹಾಗಾದರೆ ಇಳಿಜಾರು ಮಾಡಬೇಕು. ಲೆಕ್ಕದ ಮೇಷ್ಟ್ರಿಗೆ ಇದಕ್ಕಿಂತ ಖುಷಿಯ ಕೆಲಸ ಬೇಕೇ? ಒಂದಂಗುಲ ಏರಿಗೆ ಹನ್ನೆರಡಂಗುಲ ಓಟವಿರಬೇಕೆಂದರೆ, ಒಂದೂಕಾಲಕ್ಕೆ ಹದಿನೈದು. ಇರುವುದು ಆರು. ಉಳಿದ ಒಂಬತ್ತಂಗುಲವನ್ನು ತಗ್ಗಿನ ಕಡೆಯಿಂದ, ಎಂದರೆ ನಮ್ಮ ನೆಲದಿಂದ, ಕತ್ತರಿಸಬೇಕು. ಅಜ್ಜನ ಕಾಲದ ನೆಲ. ನಾನು ಅಂಬೆಗಾಲಿಟ್ಟದ್ದು ಅದರ ಮೇಲೆಯೇ. ಸಂಜೆಯವರೆಗೂ ಯೋಚಿಸಿ ಹೂಂ ಎಂದೆ.

ಹಳೆಯ ನೆಲದ ಮೇಲೆ ತೆಳ್ಳಗೆ ಮೆತ್ತಿದ ಸಿಮೆಂಟ್ ಅಂಚಿನಲ್ಲಿ ಚಕ್ಕೆಯಾಗಿ ಏಳುತ್ತದೆ. ಆದ್ದರಿಂದ ಮೇಸ್ತ್ರಿ ತಗ್ಗಿನ ತುದಿಯಲ್ಲಿ ಯಂತ್ರದಿಂದ ನೇರ ಗೆರೆ ಕೊಯ್ದು, ಒಂದಂಗುಲಕ್ಕೂ ಹೆಚ್ಚು ಆಳ ಅಗೆದರು. ಧೂಳು ತೊಳೆದು, ತಳವನ್ನು ರಾತ್ರಿಯೆಲ್ಲ ನೆನೆಸಿ, ಸಿಮೆಂಟನ್ನು ಗಂಜಿಯಂತೆ ಕಲಸಿ ಬಳಿದು, ಅದು ಒಣಗುವ ಮೊದಲೇ ಸಣ್ಣ ಜಲ್ಲಿಯ ಗಾರೆ ತುಂಬಿದರು. ಬಣ್ಣದ ವಿಷಯದಲ್ಲಿ ಅವರೇ ನನ್ನ ಗುರುವಾದರು. ಕೆಂಪು ಪುಡಿಯೆಂದರೆ ಕಬ್ಬಿಣದ ಆಕ್ಸೈಡ್, ತುಕ್ಕಿನ ಸೋದರ. ಬಿಸಿಲಿಗೆ ಮಾಸುವುದಿಲ್ಲ ಎಂದೆಲ್ಲ ನಾನು ಪಾಠ ಹೇಳಿದೆ. "ಅದೆಲ್ಲ ಸರಿ, ನಲವತ್ತು ವರ್ಷ ಕಾಲು ಸವೆಸಿದ ಕೆಂಪನ್ನ ಡಬ್ಬಿಯಿಂದ ತರೋಕಾಗಲ್ಲ ಮೇಷ್ಟ್ರೇ. ತೇಪೆ ತೇಪೆಯಾಗೇ ಕಾಣುತ್ತೆ. ಕಪ್ಪು ಹಾಕಿ, ಇಳಿಜಾರು ಅಮ್ಮಾವ್ರ ಕಣ್ಣಿಗೂ ಬೀಳುತ್ತೆ" ಎಂದರು. ಕಪ್ಪು ಆಕ್ಸೈಡನ್ನೇ ಹಾಕಿ, ಜಾರದಿರಲೆಂದು ಕರಣೆಯ ಹೊಳಪನ್ನು ಕಡಿಮೆ ಮಾಡಿಸಿದೆವು.

ಆಮೇಲೆ ಹತ್ತು ದಿನ ಒದ್ದೆ ಗೋಣಿತಾಟು. ಯಾರೂ ತುಳಿಯುವಂತಿಲ್ಲ. ಗೋಡೆಯೇನೋ ಹೋಗಿತ್ತು, ದಾಟುವ ಹಾಗಿರಲಿಲ್ಲ. ಚಿಕ್ಕಮ್ಮ ಆ ಕಡೆ ಕುರ್ಚಿ ಹಾಕಿಕೊಂಡು, ನಾವು ಈ ಕಡೆ ಚಾಪೆ ಹಾಸಿಕೊಂಡು ಮಾತನಾಡಿದೆವು. ಜಗಳದ ಮಾತೂ ಒಮ್ಮೆ ಬಂತು. ಅವರು ಹೇಳಿದ ಕಥೆ ನಾನು ಕೇಳಿದ್ದ ಕಥೆಯಾಗಿರಲಿಲ್ಲ. ನಾನು ವಾದಿಸಲಿಲ್ಲ.

ಈಗ ನಮ್ಮ ಕಡೆಯ ಸೇರುವೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿಕೊಂಡಿದೆ. ಸಿಮೆಂಟ್ ಆರುವಾಗ ಕುಗ್ಗುವುದು ಸಹಜ, ಚಿಂತೆಯಿಲ್ಲ ಎಂದಿದ್ದಾರೆ ಮೇಸ್ತ್ರಿ. ರಾತ್ರಿ ಹತ್ತರ ಸುಮಾರಿಗೆ ಚಿಕ್ಕಮ್ಮನ ಊರುಗೋಲಿನ ಸದ್ದು ಕೇಳಿಸುತ್ತದೆ. ಕಪ್ಪು ಪಟ್ಟಿಯ ಮೇಲೆ ಅದರ ಸದ್ದು ತುಸು ಬೇರೆ.