ಹುಟ್ಟಿತೇನ್ರೀ, ಬಾಯಾರ?

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರೆಂದರೆ ಬಿಳಿಯ ಕೋಟು ತೊಟ್ಟು, ಗಾಜಿನ ನಳಿಗೆಯೊಳಗಿನ ನೀಲಿ ನೀರನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ನೋಡುವವರು ಎಂಬ ಕಲ್ಪನೆ ನಮ್ಮಲ್ಲಿ ಹಲವರಿಗೆ ಉಂಟು. ಆ ನೀಲಿ ನೀರು ಯಾವುದೆಂದು ಯಾರೂ ಕೇಳುವುದಿಲ್ಲ. ಸಸ್ಯರೋಗ ಶಾಸ್ತ್ರದಲ್ಲಿ ಪದವಿ ಮುಗಿಸಿ, ಎರಡು ವರ್ಷದ ಒಂದು ಯೋಜನೆಯಲ್ಲಿ ಕೆಲಸ ಸಿಕ್ಕಿ, 2008ರ ಜನವರಿಯಲ್ಲಿ ನಾನು ಸೊಲ್ಲಾಪುರಕ್ಕೆ ಹೊರಟಾಗ ನಮ್ಮ ಮನೆಯವರ ಕಲ್ಪನೆಯೂ ಇದೇ ಆಗಿತ್ತು. ನಿಜವಾಗಿ ನನ್ನ ಎರಡು ವರ್ಷಗಳಲ್ಲಿ ಮುಕ್ಕಾಲು ಪಾಲು ಕಳೆದದ್ದು ಕೆಂಪು ಎಸ್.ಟಿ. ಬಸ್ಸಿನಲ್ಲಿ, ತೊಡೆಯ ಮೇಲೆ ಒಂದು ಥರ್ಮೊಕೋಲ್ ಪೆಟ್ಟಿಗೆ ಇಟ್ಟುಕೊಂಡು.

ಕೆಲಸ ದಾಳಿಂಬೆಯ ಒಂದು ರೋಗದ ಬಗ್ಗೆ. ಅದಕ್ಕೆ ಆ ಕಡೆಯವರು ಇಟ್ಟ ಹೆಸರು ತೇಲ್ಯಾ. ಮರಾಠಿಯಲ್ಲಿ ತೇಲ್ ಎಂದರೆ ಎಣ್ಣೆ. ಎಲೆಯ ಮೇಲೆ, ಕಾಯಿಯ ಮೇಲೆ ಎಣ್ಣೆ ಚಿಮುಕಿಸಿದಂತೆ ಚುಕ್ಕೆ ಬೀಳುತ್ತದೆ, ಆಮೇಲೆ ಕಪ್ಪಾಗುತ್ತದೆ, ಕೊನೆಗೆ ಕಾಯಿ ನಕ್ಷತ್ರದ ಹಾಗೆ ಬಿರಿದು ಹೋಗುತ್ತದೆ. ಇದನ್ನು ತರುವ ಬ್ಯಾಕ್ಟೀರಿಯಾದ ಹೆಸರು ಕ್ಸಾಂಥೊಮೊನಾಸ್. ಗ್ರೀಕಿನಲ್ಲಿ ಕ್ಸಾಂಥೋಸ್ ಎಂದರೆ ಹಳದಿ, ತಟ್ಟೆಯಲ್ಲಿ ಬೆಳೆಸಿದರೆ ಹಳದಿಯಾಗಿ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಿಂದ. ಐವತ್ತು ವರ್ಷ ಸುಮ್ಮನಿದ್ದಂತೆ ಇದ್ದು, ಈ ಶತಮಾನದ ಮೊದಲ ದಶಕದಲ್ಲಿ ಸೊಲ್ಲಾಪುರ, ನಾಸಿಕ, ಈಚೆ ಬಿಜಾಪುರ, ಬಾಗಲಕೋಟೆಗಳ ತೋಟಗಳ ಮೇಲೆ ಎರಗಿತು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ದಾಳಿಂಬೆಗೆಂದೇ ರಾಷ್ಟ್ರೀಯ ಕೇಂದ್ರವನ್ನು ಸೊಲ್ಲಾಪುರದಲ್ಲಿ 2005ರಲ್ಲಿ ತೆರೆಯಿತು. ನಾನಿದ್ದದ್ದು ಅಲ್ಲಿ ಅಲ್ಲ, ಅದಕ್ಕಿಂತ ಬಹಳ ಸಣ್ಣದಾದ, ಹೆಸರು ಹೇಳಿದರೂ ಓದುಗರಿಗೆ ತಿಳಿಯದ ಒಂದು ಪ್ರಯೋಗಾಲಯದಲ್ಲಿ.

ಎಲೆಗಳನ್ನು ಆರಿಸಬೇಕಾದದ್ದು ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ. ಸೊಲ್ಲಾಪುರದಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರ್. ಹಾಗಾಗಿ ಅಕ್ಕಲಕೋಟೆಯಲ್ಲಿಯೇ ಒಬ್ಬ ವೃದ್ಧೆಯ ಮನೆಯಲ್ಲಿ ಕೋಣೆ ಹಿಡಿದೆ. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಮೊದಲ ದಿನ ಬಾಗಿಲಲ್ಲಿ ನಿಂತು ಆಯಿ, "ಬರ್ರಿ ಬಾಯಾರ, ಒಳಗ ಬರ್ರಿ" ಎಂದಾಗ ನಾನು ಬೆರಗಾದೆ. ನನ್ನ ಊರು ಬಾಯಾರು. ಉಪ್ಪಳದಿಂದ ಒಳಗೆ ಹೋಗಬೇಕಾದ ಆ ಊರಿನ ಹೆಸರು ಮಂಗಳೂರಿನಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ, ಇಲ್ಲಿ ಈ ಅಜ್ಜಿಗೆ ಹೇಗೆ ಗೊತ್ತು? ಮರುದಿನ ಹಾಲಿನವನೂ ಬಾಯಾರ ಎಂದ, ಕಿರಾಣಿ ಅಂಗಡಿಯವನೂ ಬಾಯಾರ ಎಂದ. ಬಾಯಿಯವರು ಎಂಬ ಮರ್ಯಾದೆಯ ಮಾತು ಹೀಗೆ ಸವೆದಿದೆ ಎಂದು ತಿಳಿಯಲು ಒಂದು ವಾರ ಹಿಡಿಯಿತು. ತಿಳಿದ ಮೇಲೂ ಪ್ರತಿಸಲ ಊರು ಕರೆದಂತೆ ಕೇಳುತ್ತಿತ್ತು.

ಭಾಷೆಯ ವಿಷಯದಲ್ಲಿ ನಾವು ಕಾಸರಗೋಡಿನವರು ಯಾರಿಗೂ ಸೋಲುವವರಲ್ಲ ಎಂಬ ಹೆಮ್ಮೆ ನನಗಿತ್ತು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಎಂದು ಬೆಳೆದವರಲ್ಲವೆ? ಸೊಲ್ಲಾಪುರ ಆ ಹೆಮ್ಮೆಯನ್ನು ಸ್ವಲ್ಪ ಇಳಿಸಿತು. ವಚನಕಾರ ಸಿದ್ಧರಾಮನ ಸೊನ್ನಲಿಗೆ ಅದು. ಈಗ ಅಲ್ಲಿ ಮರಾಠಿ, ಕನ್ನಡ, ನೇಯ್ಗೆಯವರ ತೆಲುಗು, ಅದರ ಮೇಲೆ ಉರ್ದು. ನಮ್ಮ ಪ್ರಯೋಗಾಲಯದ ಅಟೆಂಡರ್ ಮನೆಯಲ್ಲಿ ತೆಲುಗು, ನನ್ನೊಡನೆ ಕನ್ನಡ, ಮೇಲಧಿಕಾರಿಗಳೊಡನೆ ಮರಾಠಿ ಆಡುತ್ತಿದ್ದ. ಸಿಟ್ಟು ಬಂದರೆ ಮಾತ್ರ ಹಿಂದಿ.

ಬಸ್ಸಿನಲ್ಲಿ ಒಂದು ದಿನ ಕಂಡಕ್ಟರ್ ನನ್ನ ಪೆಟ್ಟಿಗೆ ತೋರಿಸಿ "ಕಾಯ್ ಆಹೇ?" ಎಂದ. ಏನಿದೆ ಎಂದು ಕೇಳಿದ್ದು. ತೆಂಗಿನ ನಾಡಿನ ಕಿವಿಗೆ ಅದು ಬೇರೆಯೇ ಆಗಿ ಬಿತ್ತು. "ಕಾಯಿ ಅಲ್ಲ, ಎಲೆ ಉಂಟು" ಎಂದೆ. ಅವನು ನಕ್ಕು ಮುಂದೆ ಹೋದ. ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಕೈ ಚಾಚಿ, "ಎಲಿ ಅದ ಏನವ್ವಾ? ಒಂದ ಕೊಡು, ಅಡಿಕಿ ನನ್ನ ಕಡೆ ಅದ" ಎಂದಳು. ಆ ಕಡೆ ಬರಿಯ ಎಲಿ ಎಂದರೆ ವೀಳ್ಯದೆಲೆಯೇ. ಅಡಿಕೆಯ ಊರಿನಿಂದ ಬಂದ ನಾನು, ಎಲೆಗೆ ರೋಗ, ತಿನ್ನಲಿಕ್ಕಲ್ಲ ಎಂದು ಹೇಳಿದರೆ ಅವಳು ನಂಬಲಿಲ್ಲ. "ಕೊಡಾಕ ಮನಸ್ಸಿಲ್ಲ ಅನ್ನು" ಎಂದು ಅಕ್ಕಲಕೋಟೆ ಬರುವವರೆಗೂ ಗೊಣಗಿದಳು.

ಗುರುವಾರ ಇನ್ನೊಂದು ಪಾಡು. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾದ ಊರು ಅದು. ಗುರುವಾರ ಪುಣೆ, ಮುಂಬಯಿಯಿಂದಲೂ ಜನ ಬಂದು ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದಾರ ಕಟ್ಟಿದ ಬಿಳಿಯ ಪೆಟ್ಟಿಗೆ ಹಿಡಿದು ಅಕ್ಕಲಕೋಟೆಯಲ್ಲಿ ಬಸ್ಸು ಹತ್ತಿದವಳ ಕೈಯಲ್ಲಿ ಪ್ರಸಾದವಲ್ಲದೆ ಇನ್ನೇನು ಇರಲು ಸಾಧ್ಯ? ಒಬ್ಬ ಹಿರಿಯರು ಭಕ್ತಿಯಿಂದ ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರನ್ನು ನೋಡಿ ಮತ್ತೆ ನಾಲ್ಕು ಮಂದಿ. ಒಳಗೆ ಮಂಜುಗಡ್ಡೆಯ ನಡುವೆ ಹನ್ನೊಂದು ತೋಟಗಳ ತೇಲ್ಯಾ. ಅದು ಗಿಡದ ರೋಗ, ಮನುಷ್ಯರಿಗೆ ಏನೂ ಮಾಡುವುದಿಲ್ಲ ಎಂಬ ಧೈರ್ಯದಿಂದ ನಾನು ಸುಮ್ಮನೆ ಕುಳಿತೆ.

ಪ್ರಯೋಗಾಲಯದಲ್ಲಿ ಆಗ ದಿನಕ್ಕೆ ಹಲವು ಗಂಟೆ ಕರೆಂಟು ಇರುತ್ತಿರಲಿಲ್ಲ. ಈ ಬ್ಯಾಕ್ಟೀರಿಯಾಕ್ಕೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆ ಬಿಸಿ ಮಾಡಬಲ್ಲುದೇ ಹೊರತು ತಂಪು ಮಾಡಲಾರದು. ಸೊಲ್ಲಾಪುರದ ಮೇ ತಿಂಗಳೆಂದರೆ 40 ಡಿಗ್ರಿ ದಾಟುತ್ತದೆ. ಕಾಪಿಟ್ಟ ತಟ್ಟೆಗಳು ಬೆಂದು ಹೋಗುವ ಸ್ಥಿತಿ. ಕೊನೆಗೆ ಅಟೆಂಡರನೇ ಉಪಾಯ ಹೇಳಿದ. ಪೇಟೆಯಿಂದ ಒಂದು ಮಣ್ಣಿನ ಗಡಿಗೆ ತಂದು, ಒದ್ದೆ ಗೋಣಿ ಸುತ್ತಿ, ತಟ್ಟೆಗಳನ್ನು ಡಬ್ಬಿಯಲ್ಲಿ ಮುಚ್ಚಿ ಒಳಗಿಟ್ಟೆವು. ಉಷ್ಣಮಾಪಕ 29 ತೋರಿಸಿತು! ಆ ಗಡಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುಡಿಯುವ ನೀರಿನ ಗಡಿಗೆ, ಅದಕ್ಕೂ ಒದ್ದೆ ಗೋಣಿ. ಮೇಲಿನಿಂದ ತಪಾಸಣೆಗೆ ಬಂದ ಒಬ್ಬ ದೊಡ್ಡವರು ಬಿಸಿಲಿನಲ್ಲಿ ದಣಿದು, ಯಾರನ್ನೂ ಕೇಳದೆ ಸೌಟು ತೆಗೆದು ಅದ್ದಿದರು. ನೀರಿಗೆ ಬದಲು ಟಕ್ ಎಂದಿತು. ಇನ್ನೊಮ್ಮೆ ಅದ್ದಿದರು, ಇನ್ನೊಮ್ಮೆ ಟಕ್. "ಇದರಲ್ಲಿ ಏನಿದೆ?" ಎಂದು ಕೇಳಿದಾಗ ಅಟೆಂಡರ್ ಕೈ ಕಟ್ಟಿ, "ಸಾಹೇಬ್, ಇನ್‌ಕ್ಯುಬೇಟರ್" ಎಂದ.

ಆಟೊಕ್ಲೇವ್ ಎಂಬ ಯಂತ್ರದ ಒಂದು ರಬ್ಬರ್ ಬಳೆ ಹೋಗಿ ಮೂರು ತಿಂಗಳು ಕಾಯಬೇಕಾದಾಗ ಆಯಿಯ ಕುಕ್ಕರ್ ಕೆಲಸಕ್ಕೆ ಬಂತು. ಹದಿನೈದು ಪೌಂಡ್ ಒತ್ತಡ, 121 ಡಿಗ್ರಿ, ಇಪ್ಪತ್ತು ನಿಮಿಷ. ಶಾಸ್ತ್ರ ಕೇಳುವುದು ಇಷ್ಟೇ, ಅಷ್ಟನ್ನು ಅಡುಗೆಮನೆಯ ಕುಕ್ಕರೂ ಕೊಡುತ್ತದೆ. ಈಸ್ಟಿನ ಸಾರ, ಗ್ಲೂಕೋಸ್, ಸುಣ್ಣದ ಪುಡಿ, ಅಗರ್ ಕಲಸಿ ಸೀಸೆಗಳಲ್ಲಿ ತುಂಬಿ ಇಟ್ಟರೆ ಆಯಿ ಪಕ್ಕದಲ್ಲಿ ಕುಳಿತು, "ನಮ್ಮ ಬ್ಯಾಳಿಗಿ ಮೂರು ಸೀಟಿ. ನಿಮ್ಮ ಹುಳದ ಊಟಕ್ಕ ಎಷ್ಟ ಸೀಟಿ?" ಎಂದು ಕೇಳುತ್ತಿದ್ದರು. ಅಗರ್ ಎಂದರೆ ಕಡಲ ಪಾಚಿಯಿಂದ ಮಾಡಿದ್ದು, ನಮ್ಮ ಕಡೆ ನೋಂಬಿನ ತಿಂಗಳಲ್ಲಿ ಕಡಲ್‌ಪಾಸಿ ಎಂದು ಸಿಹಿ ಮಾಡಿ ತಿನ್ನುತ್ತಾರೆ ಎಂದು ವಿವರಿಸಿದೆ. ಆಯಿಗೆ ಸಮುದ್ರ ನೋಡಿ ಗೊತ್ತಿಲ್ಲ. "ಸಮುದ್ರದ ಪಾಚಿ ತಿನ್ನೋ ಊರಿಂದ ಬಂದೀರಿ, ಪಾಪ" ಎಂದು ಆ ರಾತ್ರಿ ನನಗೆ ಒಂದು ರೊಟ್ಟಿ ಹೆಚ್ಚು ಬಡಿದರು. ಮಾಲದಂಡಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಕುಚ್ಚಲಕ್ಕಿ ಗಂಜಿಯ ಹೊಟ್ಟೆ ಅದಕ್ಕೆ ಒಗ್ಗಿದ್ದು ನಿಧಾನವಾಗಿ, ಒಗ್ಗಿದ ಮೇಲೆ ಬಿಡಲಿಲ್ಲ.

ಆಯಿಯ ತಮ್ಮನೊಬ್ಬರು ಹಳ್ಳಿಯಲ್ಲಿ ಎರಡು ಎಕರೆ ದಾಳಿಂಬೆ ಹಾಕಿದ್ದರು. ಭಗವಾ ತಳಿ, ಸುಮಾರು ಆರು ನೂರು ಗಿಡ. ಬೋರ್‌ವೆಲ್‌ಗೆ ಸಾಲ, ಸಸಿಗೆ ಸಾಲ. ಆ ವರ್ಷ ಮಳೆಗಾಲದಲ್ಲಿ, ಕಾಯಿ ಲಿಂಬೆಯಷ್ಟಾದಾಗ, ಎಲೆಯ ಮೇಲೆ ಚುಕ್ಕೆ ಕಂಡಿತು. ಔಷಧದ ಅಂಗಡಿಯವನು ವಾರಕ್ಕೊಂದು ಸಲದಂತೆ ಹೊಡೆಯಲು ಒಂದು ಉದ್ದದ ಪಟ್ಟಿ ಕೊಟ್ಟಿದ್ದ. ಅದನ್ನು ಕೊಳ್ಳಲು ಇನ್ನೊಂದು ಸಾಲ ಬೇಕು. ಬೇರೆ ಬೂಷ್ಟಿನ ಚುಕ್ಕೆಯಾದರೆ ಅಗ್ಗದ ಔಷಧದಲ್ಲಿ ಹೋದೀತು. ತೇಲ್ಯಾ ಆದರೆ ಈ ಬೆಳೆಯ ಮೇಲೆ ಹಣ ಸುರಿದು ಪ್ರಯೋಜನ ಕಡಿಮೆ, ರೋಗದ ಕೊಂಬೆ ಕಡಿದು ಸುಟ್ಟು ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಯಾವುದೆಂದು ತಿಳಿಯದೆ ಕಾಕಾ ಸಾಲಕ್ಕೆ ಸಹಿ ಹಾಕುವಂತಿಲ್ಲ. ನಾನು ಎಲೆ ತಂದೆ. ತಟ್ಟೆಯಲ್ಲಿ ಬೆಳೆಯಲು ಎರಡು ಮೂರು ದಿನ. ಬೆಳೆದುದನ್ನು ಆರೋಗ್ಯವಂತ ಗಿಡಕ್ಕೆ ಹಚ್ಚಿ ಅದೇ ಚುಕ್ಕೆ ಬರುತ್ತದೆಯೇ ಎಂದು ನೋಡಲು ಮತ್ತೆ ಹತ್ತು ದಿನ.

ಕಾಕಾಗೆ ನಾನು, ತಟ್ಟೆಯಲ್ಲಿ ಹಳದಿಯಾಗಿ ಹುಟ್ಟಿದರೆ ಅದೇ ಎಂದು ಹೇಳಿದ್ದೆ. ಅವರು ದಿನಾಲೂ ಊರಿನ ಎಸ್.ಟಿ.ಡಿ. ಬೂತಿನಿಂದ ಪ್ರಯೋಗಾಲಯಕ್ಕೆ ಫೋನು ಮಾಡತೊಡಗಿದರು. ಫೋನು ಎತ್ತುವವನು ಅಟೆಂಡರ್. ಅವನು ರಿಸೀವರ್ ಕೈಯಲ್ಲಿ ಹಿಡಿದು, ಉದ್ದದ ಪಡಸಾಲೆಯ ಆ ಕೊನೆಯಿಂದ, "ಬಾಯಾರ, ಹುಟ್ಟಿತೇನು ಅಂತ ಕೇಳ್ತಾರ!" ಎಂದು ಕೂಗುತ್ತಿದ್ದ. ನಾನು ಇಲ್ಲಿಂದ, "ಇನ್ನೂ ಇಲ್ಲ, ನಾಳೆ ಆಗಬಹುದು!" ಮದುವೆಯಾಗದ ಹುಡುಗಿಯ ಬಗ್ಗೆ ಮೂರು ದಿನ ಈ ಮಾತು ಮೊಳಗಿದ ಮೇಲೆ ಪಕ್ಕದ ಕೋಣೆಯ ಗುಮಾಸ್ತೆ ಬಂದು, ಏನಾದರೂ ಸಹಾಯ ಬೇಕೇ ಎಂದು ಮೆಲ್ಲಗೆ ಕೇಳಿದಳು.

ನಾಲ್ಕನೆಯ ದಿನ ಫೋನು ಬರಲಿಲ್ಲ, ಕಾಕಾ ತಾವೇ ಬಂದರು. ಎಲೆಯ ಚೂರೊಂದನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ರೋಗದ ಎಲೆಯಾದರೆ ಕತ್ತರಿಸಿದ ಅಂಚಿನಿಂದ ಬ್ಯಾಕ್ಟೀರಿಯಾ ಸಾಲುಗಟ್ಟಿ ಹೊರಗೆ ಹರಿಯುತ್ತದೆ. ಅವರು ರುಮಾಲು ತೆಗೆದಿಟ್ಟು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಹೊಗಿ ಎದ್ದಂಗ ಕಾಣ್ತದ್ರೀ" ಎಂದರು. ಮತ್ತೆ, "ಹಂಗಾದ್ರ ಮನಿ ಸುಟ್ಟಂಗ" ಎಂದರು. ನಾನು ತಟ್ಟೆ ತೋರಿಸಿದೆ. ಹಳದಿ ಹನಿಗಳು ಚಂದವಾಗಿ ಹೊಳೆಯುತ್ತಿದ್ದವು. ನನ್ನ ವೃತ್ತಿಯಲ್ಲಿ ಇದೊಂದು ಕಷ್ಟ, ಕಂಡೊಡನೆ ಸಂತೋಷವಾಗುತ್ತದೆ, ಆ ಸಂತೋಷವನ್ನು ಎದುರಿಗಿರುವವರಿಗೆ ತೋರಿಸಬಾರದು. ಹತ್ತು ದಿನ ಕಳೆದು ಹಚ್ಚಿದ ಗಿಡದಲ್ಲೂ ಅದೇ ಚುಕ್ಕೆ ಬಂತು.

ವರದಿಯ ನಮೂನೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಇತ್ತು. ಕಾಕಾ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದಿದವರು. ಅಕ್ಕಲಕೋಟೆ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಉಂಟು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿಯ ಉತ್ತರದ ನಮ್ಮ ನೆಲವನ್ನೂ ಅಕ್ಕಲಕೋಟೆಯನ್ನೂ ಒಂದೇ ವರದಿಯಲ್ಲಿ ಆಗಿನ ಮೈಸೂರು ರಾಜ್ಯಕ್ಕೆ ಬರೆದುಕೊಟ್ಟಿತ್ತು. ನಾವೂ ಹೋಗಲಿಲ್ಲ, ಅವರೂ ಹೋಗಲಿಲ್ಲ. ಅಷ್ಟರಮಟ್ಟಿಗೆ ಕಾಕಾ ಮತ್ತು ನಾನು ಒಂದೇ ಕಾಗದದ ನೆಂಟರು. "ಕನ್ನಡದಾಗ ಬರಕೊಡ್ರಿ ಬಾಯಾರ, ನಾನೇ ಓದ್ಕೋಬೇಕು" ಎಂದರು. ಮಲಯಾಳದಲ್ಲಿ ಬಂದ ನೋಟೀಸುಗಳನ್ನು ನೆರೆಮನೆಯ ಹಿರಿಯರಿಗೆ ಓದಿ ಹೇಳುವುದು ಚಿಕ್ಕಂದಿನಲ್ಲಿ ನನ್ನ ಕೆಲಸವಾಗಿತ್ತು. ಓದಿ ಮುಗಿಸಿದ ಮೇಲೂ ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುವುದು ನೆನಪಿದೆ. ಕೂಡಲೇ ಬರೆಯಲು ಕುಳಿತೆ.

ಮೊದಲ ಸಾಲಿಗೇ ತಡೆ. "ದುಂಡಾಣು ಅಂಗಮಾರಿ" ಎಂದು ಬರೆದೆ. ಪುಸ್ತಕದ ಕನ್ನಡ ಅದು. ಕಾಕಾ ಓದಿ, "ಇದು ಯಾರ್ರೀ?" ಎಂದರು. ಹೊಡೆದುಹಾಕಿ "ತೇಲ್ಯಾ" ಎಂದು ಬರೆದೆ. ಕಡಿದ ಮೇಲೆ ಬೋರ್ಡೋ ದ್ರಾವಣ ಹೊಡೆಯಬೇಕು. ಅದರಲ್ಲಿ ನನಗೆ ಪುಸ್ತಕ ಬೇಡ. ಕೊಳೆರೋಗಕ್ಕೆ ಅಡಿಕೆಯ ಕೊನೆಗೆ ಮದ್ದು ಬಿಡುವ ಮನೆಯಲ್ಲಿ ಹುಟ್ಟಿದವಳು, ಪುಸ್ತಕದ ಚಿತ್ರದ ಆ ನೀಲಿ ನೀರನ್ನು ಪೀಪಾಯಿಗಟ್ಟಲೆ ಕಂಡವಳು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತು ಎಂದರೆ ಅವರಿಗೆ ತಿಳಿಯಲಿಲ್ಲ. ಮಲಯಾಳದ ತುರಿಶ್ ಹೇಳಿ ಪ್ರಯೋಜನವಿಲ್ಲ. ಬಣ್ಣ ಹೇಳಿದ ಮೇಲೆ, "ಮೋರಚೂದ ಅನ್ರಿ!" ಎಂದರು. ಮರಾಠಿಯಲ್ಲಿ ಮೋರ ಎಂದರೆ ನವಿಲು, ನಮ್ಮ ಮೈಲುತುತ್ತಿನಲ್ಲಿ ಕುಳಿತಿರುವುದೂ ಮಲಯಾಳದ ಮಯಿಲೇ.

ಕೊನೆಯ ಸಾಲು: "ಹದ ಸರಿಯಾಯಿತೇ ಎಂದು ತಿಳಿಯಲು ಕತ್ತಿ ಅದ್ದಿ ನೋಡಬೇಕು." ಅಪ್ಪ ಹಾಗೆಯೇ ಮಾಡುತ್ತಿದ್ದದ್ದು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಕಾಕಾ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಎರಡು ದಿನದ ಮೇಲೆ ಆಯಿ ಚಿಂತೆಯಿಂದ ಬಂದು, "ಬಾಯಾರ, ಕತ್ತಿ ಅಗಸರ ಮನ್ಯಾಗೂ ಈಗ ಇಲ್ಲಂತ. ಮುಳುಗಿಸಬೇಕೋ, ಕಾಲಷ್ಟ ಅದ್ದಿದ್ರ ಸಾಕೋ?" ಎಂದು ಕೇಳಿದರು. ಕತ್ತೆ ಆ ಕಡೆಯ ಬಾಯಲ್ಲಿ ಕತ್ತಿ! ಕುಡಗೋಲು ಎಂದು ತಿಳಿಸಲು ನಾನು ಅಂದೇ ಹಳ್ಳಿಗೆ ಹೋದೆ.

ಕಾಕಾ ಸಾಲಕ್ಕೆ ಸಹಿ ಹಾಕಲಿಲ್ಲ. ತೀರ ಕೆಟ್ಟ ಇನ್ನೂರರಷ್ಟು ಗಿಡ ಕಿತ್ತು ಸುಟ್ಟರು. ಆ ದಿನ ಕಾಕಿ ಮನೆಯಿಂದ ಹೊರಗೆ ಬರಲಿಲ್ಲ. ಉಳಿದವನ್ನು ಕಡಿದು, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಔಷಧದ ನೀರಿನಲ್ಲಿ ಅದ್ದುತ್ತಾ, ಮದ್ದು ಬಿಟ್ಟರು. ಖಾಲಿಯಾದ ನೆಲಕ್ಕೆ ಜೋಳ ಬಿತ್ತಿದರು. ಮುಂದಿನ ವರ್ಷ ಕಾಯಿ ಬಂತು, ಮೊದಲಿನಷ್ಟಲ್ಲ, ಬೋರ್‌ವೆಲ್‌ನ ಬಡ್ಡಿ ಕಟ್ಟುವಷ್ಟು.

ನಾನು ಊರಿಗೆ ಮರಳಿದ ಮೇಲೆ ಒಂದು ಸಂಜೆ ಕಾಕಾ ಫೋನು ಮಾಡಿದರು. ಅವರ ಬೀಗರ ತೋಟಕ್ಕೂ ಚುಕ್ಕೆ ಬಿದ್ದಿದೆಯಂತೆ, ಒಂದು ಚೀಟಿ ಬರೆದು ಅಂಚೆಗೆ ಹಾಕಬೇಕಂತೆ. ಬೀಗರು ಪಂಢರಪುರದ ಕಡೆಯ ಮರಾಠಿಯವರು. ಮರಾಠಿ ಬಲ್ಲವರಿಂದ ಬರೆಸಿ ಕಳುಹಿಸುತ್ತೇನೆ ಎಂದೆ.

"ಬ್ಯಾಡ್ರಿ" ಎಂದರು ಕಾಕಾ. "ಕನ್ನಡದಾಗೇ ಬರೀರಿ. ನಾನು ಓದಿ ಹೇಳ್ತೀನಿ."