ಕಲ್ಲಿನ ಜೊತೆಗಿರುವ ಚೀಟಿ

ಕಲ್ಲಿಗೆ ಲಕ್ಷಗಟ್ಟಲೆ ಹಣ ಸುರಿಯುವವರಿದ್ದಾರೆ ಎಂದರೆ ನೀವು ನಗಬಹುದು. ವಜ್ರ ವೈಡೂರ್ಯಗಳ ಮಾತಲ್ಲ. ಆಕಾಶದಿಂದ ಬಿದ್ದ ಉಲ್ಕಾಶಿಲೆಗಳ ಮಾತು. 2025ರ ಜುಲೈನಲ್ಲಿ ನ್ಯೂಯಾರ್ಕ್ ನಗರದ ಹರಾಜೊಂದರಲ್ಲಿ, ಮಂಗಳಗ್ರಹದಿಂದ ಸಿಡಿದು ಬಂದ 24.67 ಕಿಲೊ ತೂಕದ ಕಲ್ಲು ಸುಮಾರು 53 ಲಕ್ಷ ಡಾಲರಿಗೆ ಮಾರಾಟವಾಯಿತು. ಅದು ದೊರೆತದ್ದು 2023ರಲ್ಲಿ, ಆಫ್ರಿಕದ ಬಡರಾಷ್ಟ್ರವಾದ ನೈಜರಿನ ಮರುಭೂಮಿಯಲ್ಲಿ. ನಮ್ಮ ನೆಲದ ಕಲ್ಲು ಹೊರಗೆ ಹೋದದ್ದು ಹೇಗೆ ಎಂದು ಆ ದೇಶದ ಸರ್ಕಾರ ವಿಚಾರಣೆಗೆ ತೊಡಗಿದ್ದು ಮಾರಾಟ ಮುಗಿದ ಬಳಿಕ.

ಈ ಆಸೆ ಇಂದಿನದಲ್ಲ. 1492ರ ನವೆಂಬರ್ 7ರಂದು, ಈಗ ಫ್ರಾನ್ಸಿಗೆ ಸೇರಿರುವ ಎನ್ಸಿಸ್‌ಹೈಮ್ ಎಂಬ ಊರಿನ ಹೊಲಕ್ಕೆ ಸುಮಾರು 127 ಕಿಲೊ ತೂಕದ ಕಲ್ಲೊಂದು ಬಿದ್ದಿತು. ಶುಭವೆಂದು ಬಗೆದ ಜನರು ಚೂರು ಚೂರಾಗಿ ಒಡೆದುಕೊಳ್ಳತೊಡಗಿದಾಗ ಅಧಿಕಾರಿಯೊಬ್ಬ ತಡೆಯಬೇಕಾಯಿತು. ದೊರೆ ಮ್ಯಾಕ್ಸಿಮಿಲಿಯನ್ ಬಂದು, ಇನ್ನು ಯಾರೂ ಮುಟ್ಟಕೂಡದೆಂದು ಅದನ್ನು ದೇವಾಲಯದಲ್ಲಿರಿಸುವಂತೆ ಆಜ್ಞಾಪಿಸಿದ. ಆಜ್ಞಾಪಿಸುವ ಮುನ್ನ ತನ್ನ ಪಾಲಿನ ಚೂರನ್ನು ತೆಗೆದುಕೊಂಡಿದ್ದನೆನ್ನಿ! ಇಂದು ಉಳಿದಿರುವುದು ಅರ್ಧಕ್ಕಿಂತಲೂ ಕಡಿಮೆ. ಆ ಊರಿನಲ್ಲಿಯೇ ಪ್ರತಿವರ್ಷ ಜೂನ್ ತಿಂಗಳಲ್ಲಿ ಉಲ್ಕಾಶಿಲೆಗಳನ್ನು ಮಾರುವವರ, ಕೊಳ್ಳುವವರ ಸಂತೆ ನೆರೆಯುತ್ತದೆ.

ಹಾಗೆಂದು ಸಂಗ್ರಾಹಕರನ್ನೆಲ್ಲ ಹಳಿಯಲು ನನಗೆ ಮನಸ್ಸಿಲ್ಲ. ಫ್ರಾನ್ಸಿನ ಶ್ರೀಮಂತ ಮೋರ್ವಾ ಎಂಬವರು ಜೀವಮಾನವಿಡೀ ಕೂಡಿಹಾಕಿದ ಉಲ್ಕಾಶಿಲೆಗಳ ಬಹುಭಾಗವನ್ನು ಅವರ ಪತ್ನಿ 1935ರಲ್ಲಿ ವ್ಯಾಟಿಕನ್ ಖಗೋಳ ವೀಕ್ಷಣಾಲಯಕ್ಕೆ ದಾನವಿತ್ತರು. ರೋಮ್ ಸಮೀಪದ ಕ್ಯಾಸ್ಟೆಲ್ ಗಾಂಡೋಲ್ಫೊದಲ್ಲಿ ಇಂದು ಸಾವಿರಕ್ಕೂ ಹೆಚ್ಚು ತುಣುಕುಗಳಿವೆ. ಯೇಸುಸಭೆಯ ಸಹೋದರ ಗೈ ಕಾನ್ಸೊಲ್ಮಾನ್ಯೊ ಇವುಗಳ ಸಾಂದ್ರತೆ ಅಳೆಯಲು ಹೊರಟರು. ನೀರಿನಲ್ಲಿ ಮುಳುಗಿಸಿದರೆ ಕಲ್ಲು ಕೆಡುತ್ತದೆ. ಆದ್ದರಿಂದ ಅವರೂ ಅವರ ಸಹೋದ್ಯೋಗಿಯೂ ಅತಿಸೂಕ್ಷ್ಮ ಗಾಜಿನ ಮಣಿಗಳನ್ನೇ ನೀರಿನಂತೆ ಬಳಸಿ, ಅದರಲ್ಲಿ ಕಲ್ಲನ್ನು ಹುದುಗಿಸಿ ಗಾತ್ರವನ್ನು ಕಂಡುಹಿಡಿದರು. ಅನೇಕ ಕ್ಷುದ್ರಗ್ರಹಗಳು ಗಟ್ಟಿ ಬಂಡೆಗಳಲ್ಲ, ನಡುವೆ ಟೊಳ್ಳುಗಳಿರುವ ಕಲ್ಲಿನ ರಾಶಿಗಳು ಎಂಬ ತಿಳಿವಳಿಕೆಗೆ ಇಂಥ ಅಳತೆಗಳು ಆಧಾರವಾದವು. ಪ್ರತಿ ತುಣುಕೂ ಎಲ್ಲಿಯದೆಂಬ ಬರಹ ಜೊತೆಗಿದ್ದುದರಿಂದಲೇ ಆ ಸಂಗ್ರಹಕ್ಕೆ ಈ ಬೆಲೆ.

ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಕಳೆದ ವರ್ಷ ಹೆಬ್ಬೆರಳಿನಷ್ಟು ಕಬ್ಬಿಣದ ತುಣುಕೊಂದನ್ನು ತಂದು ತೋರಿಸಿದ. ಹೊರದೇಶದ ವ್ಯಾಪಾರಿಯಿಂದ ತರಿಸಿಕೊಂಡದ್ದು. ಜೊತೆಗೆ ಬಂದಿದ್ದ ತಾಯಿ, "ಫಾದರ್, ತಂಗಿಯ ಫೀಸು ಕಟ್ಟುವುದು ಬಾಕಿಯಿದೆ, ಇವನು ಕಲ್ಲು ಕೊಳ್ಳುತ್ತಾನೆ, ನೀವೇ ಬುದ್ಧಿ ಹೇಳಿ" ಎಂದರು. ಫೀಸಿನ ವಿಷಯದಲ್ಲಿ ತಾಯಿಯ ಪಕ್ಷವನ್ನೇ ವಹಿಸಿದೆ. ಅವನು ಮರುಮಾತಾಡದೆ ಒಪ್ಪಿಕೊಂಡ. ಆದರೆ ನನ್ನ ಕಣ್ಣು ಚೀಟಿಯ ಮೇಲಿತ್ತು. ಅದರಲ್ಲಿ 'ಕಾಂಪೊ ದೆಲ್ ಸಿಯೆಲೊ, ಅರ್ಜೆಂಟೀನ' ಎಂದಿತ್ತು. ಸಾವಿರಾರು ವರ್ಷಗಳ ಹಿಂದೆ ಕಬ್ಬಿಣದ ಮಳೆಯೇ ಸುರಿದ ಬಯಲು ಅದು. ಅಲ್ಲಿ ಸಿಕ್ಕಿರುವ ಅತಿ ದೊಡ್ಡ ಹೆಗ್ಗಲ್ಲು ಮೂವತ್ತು ಟನ್ನಿನಷ್ಟು ತೂಗುತ್ತದೆ. 2007ರಲ್ಲಿ ಅರ್ಜೆಂಟೀನ ತನ್ನ ಉಲ್ಕಾಶಿಲೆಗಳನ್ನು ರಾಷ್ಟ್ರದ ಸಾಂಸ್ಕೃತಿಕ ಸೊತ್ತೆಂದು ಕಾಯಿದೆಯಿಂದ ಸಾರಿತು. "ಇದು ಆ ದೇಶ ಬಿಟ್ಟದ್ದು ಯಾವಾಗಪ್ಪ?" ಎಂದೆ. ಹುಡುಗ ಸುಮ್ಮನಾದ. ವ್ಯಾಪಾರಿಗೆ ಬರೆದಿದ್ದಾನೆ, ಉತ್ತರ ಬಂದಿಲ್ಲ. ಡಬ್ಬಿ ಈಗಲೂ ಅವನ ಕಪಾಟಿನಲ್ಲಿದೆ. ಯಾರಿಗೂ ಮಾರಿಲ್ಲ, ತೋರಿಸಿ ಹೆಮ್ಮೆಪಡುವುದನ್ನೂ ಬಿಟ್ಟಿದ್ದಾನೆ.

ಉಲ್ಕಾಶಿಲೆಗೆ ಅದು ದೊರೆತ ಸ್ಥಳದ ಹೆಸರನ್ನೇ ಇಡುವುದು ವಾಡಿಕೆ. ಮರುಭೂಮಿಯ ಅಲೆಮಾರಿಗಳಿಂದ ವ್ಯಾಪಾರಿಗಳ ಕೈಗೆ ಬಂದ ಕಲ್ಲುಗಳಿಗೆ ಊರಿಲ್ಲ, ಬರಿಯ ಸಂಖ್ಯೆ. ನಾನು ಮೊದಲು ಹೇಳಿದ 53 ಲಕ್ಷ ಡಾಲರಿನ ಕಲ್ಲಿನ ಹೆಸರೂ 'ವಾಯವ್ಯ ಆಫ್ರಿಕ 16788' ಎಂದಷ್ಟೆ. ನಮ್ಮ ಉಡುಪಿಯ ಹೆಸರನ್ನು ಹೊತ್ತ ಉಲ್ಕಾಶಿಲೆಯೂ ಒಂದಿದೆ, 1866ರಲ್ಲಿ ಬಿದ್ದದ್ದು.

ಎಂದಾದರೊಂದು ದಿನ ನಿಮ್ಮ ತೋಟಕ್ಕೋ ಗದ್ದೆಗೋ ಇಂಥದೊಂದು ಬಿದ್ದರೆ ತೊಳೆಯಬೇಡಿ, ಒಡೆಯಬೇಡಿ. ಅಯಸ್ಕಾಂತ ತಾಗಿಸಿ ಪರೀಕ್ಷಿಸಲೂ ಬೇಡಿ. ಕಲ್ಲಿನೊಳಗೆ ಕೋಟ್ಯಂತರ ವರ್ಷಗಳಿಂದ ಉಳಿದಿರುವ ಕಾಂತೀಯ ಗುರುತು ಒಂದೇ ಸ್ಪರ್ಶಕ್ಕೆ ಅಳಿಸಿಹೋಗಬಹುದು. ನಮ್ಮ ದೇಶದಲ್ಲಿ ಇವುಗಳನ್ನು ಕಾಯ್ದಿಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯದು. ಅವರಿಗೆ ತಿಳಿಸಿ, ಅವರು ಬರುವವರೆಗೆ ಶುಭ್ರವಾದ ಕಾಗದದಲ್ಲಿ ಸುತ್ತಿಟ್ಟು, ಬಿದ್ದ ಜಾಗ, ದಿನ, ಗಂಟೆ, ಕೇಳಿದ ಸದ್ದು ಎಲ್ಲವನ್ನೂ ಚೀಟಿಯೊಂದರಲ್ಲಿ ಬರೆದು ಜೊತೆಗಿರಿಸಿ.