ಎರಡಡಿ ರೋಗ

ದೋಣಿ ಕೊಳ್ಳುತ್ತೇನೆ ಎಂದು ಮಗ ಫೋನಿನಲ್ಲಿ ಹೇಳಿದಾಗ ಅವನ ತಾಯಿ ಕೇಳಿದ್ದು ಒಂದೇ ಮಾತು: “ಯಾಕೋ, ಕೆಲಸ ಹೋಯ್ತಾ?” ತುಂಗಭದ್ರೆಯ ದಂಡೆಯ ನಮ್ಮ ಕಡೆ ನೀರಿನ ಮೇಲೆ ಇರುವವನು ಹೊಟ್ಟೆಪಾಡಿಗೆ ಇರುತ್ತಾನೆ. ಸುಮ್ಮನೆ ಹೋಗಿ ಸುಮ್ಮನೆ ಬರುವುದಕ್ಕೆ ಲಕ್ಷಗಟ್ಟಲೆ ಸುರಿದು ದೋಣಿ ಕಟ್ಟಿಕೊಂಡವನನ್ನು ಆಕೆ ಕಂಡಿಲ್ಲ, ನಾನೂ ಕಂಡಿಲ್ಲ. ಆದರೆ ಮಗ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಹತ್ತು ಸಾವಿರ ಕೆರೆಗಳು ಎಂದು ಅಲ್ಲಿನವರು ಕಾರಿನ ನಂಬರ್ ಪ್ಲೇಟಿನ ಮೇಲೂ ಬರೆದುಕೊಳ್ಳುತ್ತಾರೆ. ಅದು ಜಂಬವಲ್ಲ, ಸಂಕೋಚ. ಹತ್ತು ಎಕರೆಗೆ ಕಡಿಮೆ ಇಲ್ಲದವನ್ನೇ ಎಣಿಸಿದರೂ ಸರ್ಕಾರದ ಲೆಕ್ಕದಲ್ಲಿ 11,842 ಇವೆ.

ನಾವಿಬ್ಬರೂ ಬೇಸಿಗೆಗೆ ಅಲ್ಲಿ ಹೋಗಿ ಇಳಿಯುವಷ್ಟರಲ್ಲಿ ಕೊಳ್ಳುವುದೋ ಬೇಡವೋ ಎಂಬ ಮಾತು ಮುಗಿದಿತ್ತು. ಎಷ್ಟಡಿಯದು ಎಂಬುದಷ್ಟೇ ಬಾಕಿ. ಆ ‘ಅಷ್ಟೇ’ ನಮ್ಮ ಎರಡು ತಿಂಗಳನ್ನು ನುಂಗಿತು.

ಅಲ್ಲಿನ ದೋಣಿಯವರ ನಡುವೆ ‘ಎರಡಡಿ ರೋಗ’ ಎಂಬ ತಮಾಷೆಯೊಂದಿದೆ. ಹದಿನಾರು ಅಡಿಯ ದೋಣಿ ಇರುವವನಿಗೆ ಹದಿನೆಂಟರದು ಇದ್ದಿದ್ದರೆ ಬಾಳು ನೇರ್ಪಾಗುತ್ತಿತ್ತು ಎನಿಸುತ್ತದೆ. ಹದಿನೆಂಟಕ್ಕೆ ಹೋದವನಿಗೆ ಇಪ್ಪತ್ತು. ಔಷಧ ಇಲ್ಲ, ಬ್ಯಾಂಕಿನವರು ಸಾಲ ಕೊಡುವುದನ್ನು ನಿಲ್ಲಿಸಿದರೆ ಮಾತ್ರ ಜ್ವರ ಇಳಿಯುತ್ತದೆ. ನನ್ನ ಮಗನಿಗೆ ಇದು ದೋಣಿ ಕೊಳ್ಳುವ ಮೊದಲೇ ತಗುಲಿತ್ತು. ಜೂನ್ ಮೊದಲ ವಾರ ಹದಿನಾರು ಅಡಿ ಎಂದವನು ತಿಂಗಳ ಕೊನೆಗೆ ಇಪ್ಪತ್ನಾಲ್ಕಕ್ಕೆ ಬಂದು ನಿಂತಿದ್ದ. ಇದನ್ನೇನು ಹಗುರವಾಗಿ ತಿಳಿಯಬೇಡಿ, ನಾವೂ ಮನೆಗೆ ಇನ್ನೊಂದು ರೂಮು ಎಂದುಕೊಂಡೇ ಮೂರು ಸಲ ಮೇಸ್ತ್ರಿಯನ್ನು ಕರೆಸಿದವರು.

ದೋಣಿಯ ಅಳತೆಯಲ್ಲಿ ಒಂದು ಮೋಸ ಇದೆ. ಬೆಂಗಳೂರಿನಲ್ಲಿ ಸೈಟು ಎಂದರೆ ತರ್ಟಿ ಫಾರ್ಟಿ ಎನ್ನುತ್ತೇವೆ, ಉದ್ದ ಅಗಲ ಎರಡೂ ಬಾಯಿಗೆ ಬರುತ್ತವೆ. ದೋಣಿಯವರು ಉದ್ದವೊಂದನ್ನೇ ಹೇಳುತ್ತಾರೆ. ಹದಿನೆಂಟರಿಂದ ಇಪ್ಪತ್ನಾಲ್ಕಕ್ಕೆ ಹೋದರೆ ಆರೇ ಅಡಿ ಜಾಸ್ತಿ, ಮೂರರಲ್ಲಿ ಒಂದು ಪಾಲು, ಏನು ಮಹಾ ಎನಿಸುತ್ತದೆ. ಆದರೆ ಉದ್ದದ ಜೊತೆಗೆ ಅಗಲವೂ ಆಳವೂ ಅದೇ ಹದದಲ್ಲಿ ಹಿಗ್ಗಿದರೆ ದೋಣಿಯ ಗಾತ್ರ ಎರಡರಷ್ಟನ್ನೂ ಮೀರುತ್ತದೆ. ತೂಕ ಅದರ ಹಿಂದೆ, ಎಂಜಿನ್ನು ತೂಕದ ಹಿಂದೆ, ಅದನ್ನು ಎಳೆಯುವ ದೊಡ್ಡ ಗಾಡಿ ಎಂಜಿನ್ನಿನ ಹಿಂದೆ. ಅಗಲ ಎಂಟೂವರೆ ಅಡಿ ದಾಟಿತೋ, ರಸ್ತೆಯ ಮೇಲೆ ಎಳೆದೊಯ್ಯುವುದಕ್ಕೆ ಬೇರೆ ಪರವಾನಗಿ. ನಿಲ್ಲಿಸುವ ಕಟ್ಟೆಯ ಬಾಡಿಗೆಯನ್ನು ಬಹಳ ಕಡೆ ಅಡಿಯ ಲೆಕ್ಕದಲ್ಲೇ ಹಾಕುತ್ತಾರೆ. ನವೆಂಬರಿನ ಹೊತ್ತಿಗೆ ಕೆರೆ ಹೆಪ್ಪುಗಟ್ಟತೊಡಗುತ್ತದೆ. ಅಷ್ಟರೊಳಗೆ ದೋಣಿಯನ್ನು ಮೇಲೆತ್ತಿ, ಎಂಜಿನ್ನಿನ ನೀರು ಬಸಿದು, ಪ್ಲಾಸ್ಟಿಕ್ ಸುತ್ತಿ ಐದಾರು ತಿಂಗಳು ಮಲಗಿಸಬೇಕು. ಆ ಮಲಗುವ ಜಾಗಕ್ಕೂ ಅಡಿ ಲೆಕ್ಕ. ಅಳೆಯುವುದು ಅಡಿಯಲ್ಲಿ, ತೆರುವುದು ಅಡಿಗಡಿಗೆ.

ಮಗನ ವಾದ ಬೇರೆ. “ಅಪ್ಪ, ಹನ್ನೆರಡು ಜನ ಕೂರಬೇಕಲ್ಲ. ಕನ್ನಡ ಕೂಟದವರನ್ನು ಕರೆಯಬೇಕು.” ಇದಕ್ಕೊಂದು ಸೂತ್ರವನ್ನೂ ಅವನೇ ಹೇಳಿದ. ಇಪ್ಪತ್ತು ಅಡಿಯೊಳಗಿನ ಸಾಮಾನ್ಯ ದೋಣಿಗೆ ಉದ್ದವನ್ನು ಅಗಲದಿಂದ ಗುಣಿಸಿ ಹದಿನೈದರಿಂದ ಭಾಗಿಸಿದರೆ ಎಷ್ಟು ಜನ ಎಂಬ ಅಂದಾಜು ಸಿಗುತ್ತದೆ. ಹದಿನಾರು ಅಡಿ ಉದ್ದ, ಆರು ಅಡಿ ಅಗಲ: ಆರು ಜನ, ಅದೂ ನೀರು ಶಾಂತವಾಗಿದ್ದರೆ. ಇಷ್ಟು ಜನ, ಇಷ್ಟು ತೂಕ ಎಂದು ಮೋಟಾರು ದೋಣಿಯ ಒಳಗೇ ಒಂದು ತಗಡು ಹೊಡೆದಿರುತ್ತಾರೆ. ನಮ್ಮ ಬಸ್ಸುಗಳಲ್ಲಿ ಬರೆದಿರುತ್ತದಲ್ಲ, ಹಾಗೆ. ವ್ಯತ್ಯಾಸವೆಂದರೆ ಅಲ್ಲಿ ಅದನ್ನು ಓದುತ್ತಾರೆ.

ಅಡುಗೆಮನೆಯಿಂದ ನನ್ನಾಕೆ ಇಷ್ಟೂ ಕೇಳಿಸಿಕೊಂಡಳು. “ಮದುವೆಗೆ ಬರೋ ನೆಂಟರ ಲೆಕ್ಕದಲ್ಲಿ ಯಾರಾದರೂ ದಿನದ ಅನ್ನದ ಪಾತ್ರೆ ತಗೋತಾರೇನೋ? ಕೊಪ್ಪರಿಗೆ ಬೇಕಾದಾಗ ಬಾಡಿಗೆಗೆ ತಂದರಾಯ್ತು.” ಎರಡು ತಿಂಗಳಲ್ಲಿ ದೋಣಿಯ ಬಗ್ಗೆ ಯಾರಾದರೂ ತೂಕದ ಮಾತು ಆಡಿದ್ದರೆ ಅದು ಇದೊಂದೇ. ಆಕೆ ಅಷ್ಟು ಹೇಳಿ ಒಗ್ಗರಣೆ ಹಾಕಲು ಹೋದಳು.

ಹನ್ನೆರಡು ಜನ ಎಂದಾಗ ನನಗೆ ನೆನಪಾದದ್ದು ನಮ್ಮ ಹರಿಗೋಲು. ಬಿದಿರು ಹೆಣೆದ ದೊಡ್ಡ ಬುಟ್ಟಿ, ಹೊರಗೆ ಹಿಂದೆಲ್ಲ ಚರ್ಮ, ಈಗ ಪ್ಲಾಸ್ಟಿಕ್ಕು, ಡಾಂಬರು. ವಿಜಯನಗರಕ್ಕೆ ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಹದಿನೈದಿಪ್ಪತ್ತು ಜನ ಹಿಡಿಯುತ್ತದೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು. ಅದರ ದೊಡ್ಡಸ್ತಿಕೆ ಇನ್ನೊಂದರಲ್ಲಿದೆ. ಗುಂಡಗಿರುವುದಕ್ಕೆ ಉದ್ದವೇ ಇಲ್ಲ, ಉದ್ದವಿಲ್ಲದ್ದಕ್ಕೆ ಎರಡಡಿ ರೋಗ ಎಲ್ಲಿಂದ ಬರಬೇಕು? ಮೂಗೂ ಇಲ್ಲ, ಬಾಲವೂ ಇಲ್ಲ. ಹುಟ್ಟು ಹಾಕುವವನು ಸ್ವಲ್ಪ ಮೈಮರೆತರೆ ಗಿರಗಿರ ತಿರುಗುತ್ತದೆ. ಕೆಲಸ ಮುಗಿದ ಮೇಲೆ ಹರಿಗೋಲು ತಾನೇ ಮನುಷ್ಯನ ಮೇಲೆ ಏರುತ್ತದೆ. ಚಿಕ್ಕದನ್ನು ಒಬ್ಬನೇ ಬೆನ್ನಿಗೆ ಹೊತ್ತುಕೊಂಡು ದಂಡೆ ಹತ್ತುತ್ತಾನೆ, ದೂರದಿಂದ ಆಮೆಯೊಂದು ನಿಂತು ನಡೆದ ಹಾಗೆ ಕಾಣುತ್ತದೆ. ಒಬ್ಬನಿಂದ ನೀರಿಗೆ ಇಳಿಸಲಾಗದ ದೋಣಿ ಬಹಳ ದಿನ ನೀರು ಕಾಣುವುದಿಲ್ಲ ಎಂದೆ ಮಗನಿಗೆ. ಅವನು ಫೋನು ನೋಡುತ್ತಿದ್ದ.

ಮುಂದಿನ ವಾರ ಹೊಸ ವಾದ ಬಂತು: ಲೇಕ್ ಸುಪೀರಿಯರ್. ಅದೂ ಮಿನ್ನೆಸೋಟದ್ದೇ, ಒಂದು ಅಂಚಿನ ಮಟ್ಟಿಗೆ. ಕೆರೆ ಎನ್ನುವುದು ಹೆಸರಿಗೆ, ವಿಸ್ತಾರ ಎಂಬತ್ತೆರಡು ಸಾವಿರ ಚದರ ಕಿಲೋಮೀಟರು. ಅಲ್ಲಿನ ಅಲೆಗೆ ಚಿಕ್ಕದು ಸಾಲದಂತೆ. ನಿಜವೇ. ಆದರೆ ಅದೇ ನೀರಿನಲ್ಲಿ 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ ಅದಿರಿನ ಹಡಗು ಇಪ್ಪತ್ತೊಂಬತ್ತು ಜನರೊಂದಿಗೆ ಮುಳುಗಿತು. ಅದರ ಉದ್ದ 729 ಅಡಿ. ಇನ್ನು ಮುಂಬಯಿಯಲ್ಲಿ ತೇಗದಲ್ಲಿ ಕಟ್ಟಿದ ‘ಸುಹೇಲಿ’ ಎಂಬ ಹಾಯಿದೋಣಿ ಮೂವತ್ತೆರಡೇ ಅಡಿಯದು. ಅದರಲ್ಲಿ ಒಬ್ಬನೇ ಕೂತು ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ನಾವಿಕ ಎಲ್ಲೂ ನಿಲ್ಲದೆ ಭೂಮಿ ಸುತ್ತಿ 1969ರಲ್ಲಿ ಮರಳಿದ, 312 ದಿನಕ್ಕೆ. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರದು ಇನ್ನೂ ಸ್ವಾರಸ್ಯ. ಒಬ್ಬರೇ ಮೊದಲ ಸಲ ಸುತ್ತಿದ್ದು ಐವತ್ತಾರು ಅಡಿಯ ‘ಮ್ಹಾದೇಯಿ’ಯಲ್ಲಿ. 2018ರಲ್ಲಿ ಒಂಟಿಯಾಗಿ ಭೂಮಿ ಸುತ್ತುವ ಪಂದ್ಯಕ್ಕೆ ಹೊರಟದ್ದು ಸುಹೇಲಿಯದೇ ಪಡಿಯಚ್ಚಾದ ‘ತುರೀಯ’ದಲ್ಲಿ, ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆಗೆ ಪೆಟ್ಟಾಯಿತು. ಮತ್ತೆ 2022ರಲ್ಲಿ ಮೂವತ್ತಾರು ಅಡಿಯದರಲ್ಲಿ ಹೋಗಿ ಎರಡನೆಯವರಾಗಿ ಗುರಿ ಮುಟ್ಟಿದರು. ಐವತ್ತಾರರಿಂದ ಮೂವತ್ತೆರಡಕ್ಕೆ ಇಳಿದದ್ದು ಪಂದ್ಯದ ಕಟ್ಟಳೆಯಿಂದ ಎನ್ನಿ. ಆದರೂ ಎರಡಡಿ ರೋಗ ಹಿಂದಕ್ಕೆ ಓಡಿದ್ದನ್ನು ನಾನು ಕಂಡದ್ದು ಇಲ್ಲೊಂದೇ ಕಡೆ.

ಸೊಸೆಗೆ ಬೇಕಾಗಿದ್ದದ್ದು ಪಾಂಟೂನ್. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಮೇಲೊಂದು ಜಗಲಿ, ಸುತ್ತ ಸೋಫಾ. ಇದನ್ನು ಹುಟ್ಟಿಸಿದ ಆ್ಯಂಬ್ರೋಸ್ ವೀರೆಸ್ ಮಿನ್ನೆಸೋಟದ ರೈತನೇ. 1950ರ ದಶಕದ ಶುರುವಿನಲ್ಲಿ ಉಕ್ಕಿನ ಡ್ರಮ್ಮುಗಳನ್ನು ಸಾಲಾಗಿ ಬೆಸೆದು ಮೇಲೆ ಹಲಗೆ ಹಾಸಿದನಂತೆ. ನಮ್ಮ ತೆಪ್ಪಕ್ಕೆ ತವರು ಇಷ್ಟು ದೂರ ಎಂದು ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಬಾಡಿಗೆಗೆ ತಂದು ಚಿತ್ರಾನ್ನ ತಿಂದು ಬಂದೆವು. ಕೊಪ್ಪರಿಗೆಯ ಆಸೆ ಅಲ್ಲಿಗೆ ತೀರಿತು.

ಕೊನೆಗೆ ತೀರ್ಪು ಕೊಟ್ಟದ್ದು ಗ್ಯಾರೇಜು. ಮನೆಯ ಮುಂದೆ ದೋಣಿ ನಿಲ್ಲಿಸಬಾರದೆಂದು ಆ ಬಡಾವಣೆಯ ಕಟ್ಟಳೆ. ಟೇಪು ಹಿಡಿದು ಅಳೆದರೆ ಒಳಗೆ ಇಪ್ಪತ್ತೊಂದಡಿ. ಟ್ರೇಲರಿನ ಮೂತಿ, ಹಿಂದಿನ ಎಂಜಿನ್ನು ಕಳೆದರೆ ಉಳಿಯುವುದು ಹದಿನಾರು. ಮಗ ಸಪ್ಪಗಾದ. ಹದಿನಾರು ಎಂದರೆ ಎಷ್ಟು ಎಂದು ಮೊಮ್ಮಗಳು ಕೇಳಿದಳು. ಅಜ್ಜಿ ಒಳಗೆ ಹೋಗಿ ರಂಗೋಲಿ ಪುಡಿ ತಂದು, ಟೇಪಿನ ಗುಂಟ ನೆಲದ ಮೇಲೆ ನಿಜದಳತೆಯ ದೋಣಿ ಬರೆದಳು. ಮೂತಿಗೊಂದು ಎಳೆ ಹೆಚ್ಚೇ ಎಳೆದಳು. ಐವರೂ ಒಳಗೆ ಕೂತೆವು. ಮೊಣಕಾಲಿಗೆ ಮೊಣಕಾಲು ತಾಗಿತು, ಆದರೂ ಮಂಡಕ್ಕಿಯ ಬೋಗುಣಿಗೆ ನಡುವೆ ಜಾಗ ಇತ್ತು. ಮಗ ಚಹಾ ತರಲು ಎದ್ದು ಗೆರೆ ದಾಟಿದ.

“ಅಪ್ಪ ನೀರಿಗೆ ಬಿದ್ದ!” ಎಂದು ಮೊಮ್ಮಗಳು ಕಿರುಚಿದಳು.